ಹಿತ್ತಲ ನುಗ್ಗೆ: ಆಹಾರವೆಷ್ಟು, ಮದ್ದೆಷ್ಟು?

ಕಳೆದ ವರ್ಷ ಮುಂಗಾರಿಗೆ ಮುನ್ನ, ಅಮಾವಾಸ್ಯೆಯ ದಿನ, ಶ್ರೀಮಠದ ಆವರಣದಲ್ಲಿ ಎಂದಿನಂತೆ ಉಚಿತ ಆರೋಗ್ಯ ತಪಾಸಣೆ ನಡೆದಿತ್ತು. ದಾಸೋಹ ಮುಗಿಸಿಕೊಂಡು ಬಂದ ತಾಯಿಯೊಬ್ಬರು ಐದು ತಿಂಗಳ ಬಸುರಿಯಾದ ತಮ್ಮ ಮಗಳನ್ನು ನಮ್ಮೆದುರು ಕೂರಿಸಿ, ಕೈಚೀಲದಿಂದ ಒಂದು ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಹಸಿರು ಪುಡಿ ತುಂಬಿದ ಡಬ್ಬಿ. ಅದರ ಮೇಲೆ ನುಗ್ಗೆಸೊಪ್ಪಿನ ಚಿತ್ರವಿತ್ತು. “ಡಾಕ್ಟರ್ರ, ಇದನ್ನ ದಿನಾ ಎಷ್ಟ ಚಮಚ ಕೊಡಬೇಕ್ರಿ?” ಎಂದು ಕೇಳಿದರು. ಮಗಳ ರಕ್ತವನ್ನು ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ಎಂಟೂವರೆಯಷ್ಟೇ ಇತ್ತು. ಗರ್ಭಿಣಿಯರಲ್ಲಿ ಅದು ಹನ್ನೊಂದಕ್ಕಿಂತ ಕಡಿಮೆಯಾಗಬಾರದು. ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆಗಳನ್ನು ನುಂಗುತ್ತಿಲ್ಲವೇ ಎಂದು ವಿಚಾರಿಸಿದೆವು. ಮಾತ್ರೆಯಿಂದ ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಅದರ ಬದಲಿಗೆ ನುಗ್ಗೆಪುಡಿ ಸಾಕೆಂದು ಯಾರೋ ಹೇಳಿದರು, ಹೀಗಾಗಿ ಒಂದೂವರೆ ತಿಂಗಳಿಂದ ಮಾತ್ರೆಯನ್ನು ಬಿಟ್ಟಿದ್ದೇವೆ ಎಂಬ ಉತ್ತರ ಬಂತು.

ಮಾತು ಮುಂದುವರಿದಾಗ ಇನ್ನೊಂದು ಸಂಗತಿ ತಿಳಿಯಿತು. ಅವರ ಹಿತ್ತಲಿನಲ್ಲಿಯೇ ದೊಡ್ಡದೊಂದು ನುಗ್ಗೆಮರವಿತ್ತಂತೆ. “ಕಂಬಳಿ ಹುಳ ಭಾಳ ಆದ್ವು ಅಂತ ಎರಡ ವರ್ಷದ ಹಿಂದ ಕಡಿಸಿಬಿಟ್ವಿರಿ” ಎಂದರು ಆ ತಾಯಿ. ಬಿಟ್ಟಿಯಾಗಿ ಸಿಗುತ್ತಿದ್ದ ತಾಜಾ ಸೊಪ್ಪಿನ ಮರವನ್ನು ಕಡಿಸಿ, ಅದೇ ಸೊಪ್ಪಿನ ಒಣಪುಡಿಯನ್ನು ದುಬಾರಿ ಬೆಲೆಗೆ ಕೊಂಡು, ಅದರ ಮೇಲಿನ ನಂಬಿಕೆಯಿಂದ ಬೇಕಾದ ಮಾತ್ರೆಯನ್ನೂ ಬಿಟ್ಟಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಉದಾಸೀನಕ್ಕೆ ಉದಾಹರಣೆಯಾಗಿ ಬಳಸುತ್ತೇವೆ. ಅದೇ ಗಿಡವನ್ನು ಡಬ್ಬಿಯಲ್ಲಿ ತುಂಬಿ ತಂದಾಗ ಮಾತ್ರ ಸರ್ವರೋಗಕ್ಕೂ ಮದ್ದೆಂದು ನಂಬಿಬಿಡುವುದು ಇಂದಿನ ದಿನಮಾನದ ಹೊಸ ವಿಪರ್ಯಾಸ. ಆದುದರಿಂದ ನುಗ್ಗೆಯು ನಮಗೆ ನಿಜವಾಗಿ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು, ಅದನ್ನು ಮನೆಯಂಗಳದಲ್ಲಿ ಬೆಳೆಸಿಕೊಳ್ಳುವ ಬಗೆ ಹೇಗೆ ಎಂಬುದನ್ನು ಈ ಸಂಚಿಕೆಯಲ್ಲಿ ಸಾವಧಾನವಾಗಿ ವಿಚಾರ ಮಾಡೋಣ.

ಈ ನೆಲದ ಮರ

ನುಗ್ಗೆ ಪರದೇಶದಿಂದ ಬಂದ ಸಸ್ಯವಲ್ಲ. ವಾಯವ್ಯ ಭಾರತದ ಹಿಮಾಲಯದ ತಪ್ಪಲು ಇದರ ಮೂಲನೆಲೆಯೆಂದು ಸಸ್ಯಶಾಸ್ತ್ರಜ್ಞರು ಗುರುತಿಸಿದ್ದಾರೆ. ಅಲ್ಲಿಂದ ಅದು ದಕ್ಷಿಣ ಭಾರತಕ್ಕೂ ಶ್ರೀಲಂಕಾ, ಫಿಲಿಪೈನ್ಸ್ ಮತ್ತು ಆಫ್ರಿಕಾದ ದೇಶಗಳಿಗೂ ಹರಡಿತು. ಶಾಸ್ತ್ರಜ್ಞರು ಇದಕ್ಕಿಟ್ಟಿರುವ ಮೊರಿಂಗಾ ಎಂಬ ಹೆಸರು ತಮಿಳಿನ ‘ಮುರುಂಗೈ’ ಎಂಬ ಪದದಿಂದ ಹುಟ್ಟಿದ್ದು. ಸಂಸ್ಕೃತದಲ್ಲಿ ಶಿಗ್ರು, ಶೋಭಾಂಜನ ಎಂಬ ಹೆಸರುಗಳಿವೆ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಇದರ ಎಲೆಯನ್ನು ‘ನುಗ್ಗಿ ತಪ್ಪಲ’ ಎಂದು ಕರೆಯುವ ರೂಢಿ ಇಂದಿಗೂ ಇದೆ.

ಮರ ಹತ್ತು ಹನ್ನೆರಡು ಮೀಟರಿನವರೆಗೆ ಬೆಳೆಯಬಲ್ಲದು. ತೊಗಟೆ ಬೂದುಬಣ್ಣದ್ದು, ಬೆಂಡಿನಂತೆ ಮೆತ್ತನೆಯದು. ಕೊಂಬೆಗಳು ಬಲು ಮೆದು. ಹಣ್ಣು ಕೀಳಲು ಮಾವಿನ ಮರವನ್ನು ಹತ್ತಿದಂತೆ ನುಗ್ಗೆಯನ್ನು ಹತ್ತಬಾರದೆಂದು ಹಿರಿಯರು ಮಕ್ಕಳನ್ನು ಗದರಿಸುತ್ತಿದ್ದುದು ಇದೇ ಕಾರಣಕ್ಕೆ. ಕೊಂಬೆ ಸದ್ದಿಲ್ಲದೆ ಮುರಿದು ಬೀಳುತ್ತದೆ. ಇದರ ಕಟ್ಟಿಗೆ ತೊಲೆಗಾಗಲಿ ಬಾಗಿಲಿಗಾಗಲಿ ಒದಗುವುದಿಲ್ಲ. ಆದರೆ ಉಳಿದೆಲ್ಲವೂ ಉಪಯೋಗಕ್ಕೆ ಬರುತ್ತದೆ. ಎಲೆ, ಹೂವು, ಕಾಯಿ ಊಟಕ್ಕೆ. ಬೀಜ ಎಣ್ಣೆಗೆ ಮತ್ತು ನೀರು ತಿಳಿಗೊಳಿಸಲು. ಸವರಿದ ಟೊಂಗೆಯ ಸೊಪ್ಪು ದನಕರುಗಳ ಮೇವಿಗೆ. ಕೆನೆಬಣ್ಣದ ಪರಿಮಳದ ಹೂಗೊಂಚಲು ಜೇನುನೊಣಗಳಿಗೆ. ಒಂದೇ ಮರ ಇಷ್ಟೊಂದು ಬಗೆಯಲ್ಲಿ ಒದಗುವುದು ವಿರಳ.

ಎಲೆಯಲ್ಲಿರುವ ಸತ್ತ್ವ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದ ಪ್ರಕಾರ, ನೂರು ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ ಸುಮಾರು 6.4 ಗ್ರಾಂ ಪ್ರೋಟೀನ್, 8 ಗ್ರಾಂ ನಾರಿನಂಶ, 314 ಮಿಲಿಗ್ರಾಂ ಕ್ಯಾಲ್ಸಿಯಂ, 4.5 ಮಿಲಿಗ್ರಾಂ ಕಬ್ಬಿಣ, 108 ಮಿಲಿಗ್ರಾಂ ‘ಸಿ’ ಜೀವಸತ್ವ ಇವೆ. ಕಣ್ಣಿನ ಆರೋಗ್ಯಕ್ಕೆ ಬೇಕಾದ ‘ಎ’ ಜೀವಸತ್ವವಾಗಿ ಮಾರ್ಪಡುವ ಬೀಟಾ ಕ್ಯಾರೋಟಿನ್ ಅದರಲ್ಲಿ ಸಮೃದ್ಧವಾಗಿದೆ. ಅದೇ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ ಕ್ಯಾಲ್ಸಿಯಂ 440, ‘ಸಿ’ ಜೀವಸತ್ವ 220 ಮಿಲಿಗ್ರಾಂ ಎಂದಿತ್ತು. ಇದರಲ್ಲಿ ಗೊಂದಲಕ್ಕೆ ಕಾರಣವಿಲ್ಲ. ಮಣ್ಣು, ಋತು, ಎಲೆಯ ಬಲಿತನ, ಪರೀಕ್ಷಿಸುವ ವಿಧಾನ ಇವುಗಳಿಗನುಗುಣವಾಗಿ ಅಂಕಿಗಳು ಏರಿಳಿಯುತ್ತವೆ. ಯಾವ ಲೆಕ್ಕವನ್ನು ಹಿಡಿದರೂ ನುಗ್ಗೆಯು ನಮ್ಮ ಸೊಪ್ಪುಗಳ ಸಾಲಿನಲ್ಲಿ ಮುಂಚೂಣಿಯಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ಕಾಯಿಯ ಕಥೆ ಬೇರೆ. ಅದರಲ್ಲಿ ‘ಸಿ’ ಜೀವಸತ್ವ ಮತ್ತು ನಾರಿನಂಶ ಚೆನ್ನಾಗಿವೆ, ಆದರೆ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಎಲೆಗಿಂತ ಬಹಳ ಕಡಿಮೆ. ನಾವು ಸಾರಿಗೆ ಕಾಯಿಯನ್ನು ಕಿತ್ತುಕೊಂಡು ಎಲೆಯನ್ನು ಆಡಿಗೆ ಹಾಕಿಬಿಡುತ್ತೇವೆ. ಆಡು ಜಾಣತನದ ಪಾಲನ್ನು ಪಡೆಯುತ್ತದೆ!

ಈಗ ಡಬ್ಬಿಯ ಪುಡಿಯ ವಿಚಾರ. ‘ಕಿತ್ತಳೆಗಿಂತ ಇಷ್ಟು ಪಟ್ಟು, ಹಾಲಿಗಿಂತ ಅಷ್ಟು ಪಟ್ಟು’ ಎಂಬ ಜಾಹೀರಾತುಗಳನ್ನು ಎಲ್ಲರೂ ನೋಡಿದ್ದೇವೆ. ಇಂಥ ಹೋಲಿಕೆಗಳು ಒಣಗಿಸಿದ ಪುಡಿಯನ್ನು ನೀರು ತುಂಬಿದ ಹಣ್ಣು ಅಥವಾ ಹಾಲಿನೊಂದಿಗೆ ಗ್ರಾಂಗೆ ಗ್ರಾಂ ತೂಗಿ ನೋಡುತ್ತವೆ. ನೀರು ಹೋದ ವಸ್ತುವಿನಲ್ಲಿ ಉಳಿದ ಅಂಶಗಳು ಸಾಂದ್ರವಾಗುವುದು ಸಹಜ. ಆದರೆ ನಾವು ಹಾಲನ್ನು ಲೋಟದಲ್ಲಿ ಕುಡಿಯುತ್ತೇವೆ, ಪುಡಿಯನ್ನು ಚಮಚದಲ್ಲಿ ಸೇವಿಸುತ್ತೇವೆ. ಒಂದು ಚಹಾಚಮಚ ಪುಡಿಯ ತೂಕ ಎರಡು ಮೂರು ಗ್ರಾಂ ಮಾತ್ರ. ಅದರಿಂದ ದೊರೆಯುವ ಕ್ಯಾಲ್ಸಿಯಂ ಸುಮಾರು ಐವತ್ತು ಮಿಲಿಗ್ರಾಂ. ಒಂದು ಲೋಟ ಹಾಲಿನಿಂದ ಇನ್ನೂರಕ್ಕೂ ಹೆಚ್ಚು ಮಿಲಿಗ್ರಾಂ ದೊರೆಯುತ್ತದೆ. ಒಣಗಿಸುವಾಗ ‘ಸಿ’ ಜೀವಸತ್ವದ ಬಹುಪಾಲು ನಷ್ಟವಾಗುತ್ತದೆ. ಪುಡಿ ಕೆಟ್ಟದ್ದೆಂದು ನಮ್ಮ ಅಭಿಪ್ರಾಯವಲ್ಲ. ಎರಡು ಹಿಡಿ ತಾಜಾ ಸೊಪ್ಪಿನ ಪಲ್ಯ ಅದಕ್ಕಿಂತ ಮಿಗಿಲು, ಮತ್ತು ಅಗ್ಗ.

ರಕ್ತಹೀನತೆಯ ಲೆಕ್ಕ

ನಮ್ಮ ಹೆಣ್ಣುಮಕ್ಕಳ ರಕ್ತಹೀನತೆ ಸಣ್ಣ ಸಮಸ್ಯೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡಾ 48ರ ಆಸುಪಾಸಿನಲ್ಲಿದೆ. ಅಂದರೆ ಮಠದ ಪಂಕ್ತಿಯಲ್ಲಿ ಕುಳಿತ ತಾಯಂದಿರಲ್ಲಿ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಬಸುರಿಯಲ್ಲಿ ರಕ್ತ ಕಡಿಮೆಯಾದರೆ ಹೆರಿಗೆಯ ವೇಳೆಯ ರಕ್ತಸ್ರಾವವನ್ನು ಆಕೆಯ ದೇಹ ತಾಳಲಾರದು. ಮಗುವಿನ ತೂಕ ಕಡಿಮೆಯಾಗುವ, ದಿನ ತುಂಬುವ ಮುನ್ನವೇ ಹೆರಿಗೆಯಾಗುವ ಅಪಾಯವೂ ಹೆಚ್ಚು.

ಇಂಥ ಸ್ಥಿತಿಯಲ್ಲಿ ನುಗ್ಗೆ ಎಷ್ಟು ನೆರವಾಗಬಲ್ಲದು? ಸರಳ ಲೆಕ್ಕವನ್ನು ನೋಡೋಣ. ವಯಸ್ಕ ಮಹಿಳೆಯ ಆಹಾರದಲ್ಲಿ ದಿನಕ್ಕೆ ಸುಮಾರು 29 ಮಿಲಿಗ್ರಾಂ ಕಬ್ಬಿಣವಿರಬೇಕೆಂಬುದು ನಮ್ಮ ದೇಶದ ಶಿಫಾರಸು. ಐವತ್ತು ಗ್ರಾಂ ನುಗ್ಗೆಸೊಪ್ಪಿನಿಂದ ದೊರೆಯುವುದು ಎರಡು ಮಿಲಿಗ್ರಾಂಗೆ ತುಸು ಹೆಚ್ಚು. ಒಂದು ಚಮಚ ಪುಡಿಯಿಂದ ಒಂದು ಮಿಲಿಗ್ರಾಂ ಕೂಡ ದೊರೆಯುವುದು ಕಷ್ಟ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಉಚಿತವಾಗಿ ಕೊಡುವ ಒಂದು ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ ಮತ್ತು ಜೊತೆಗೆ ಫೋಲಿಕ್ ಆಮ್ಲ. ಇಷ್ಟು ಹೇಳಿದರೆ ಸಾಕು. ಆರೋಗ್ಯವಂತರು ರಕ್ತಹೀನತೆಗೆ ಬೀಳದಂತೆ ಕಾಯುವ ದಿನನಿತ್ಯದ ಊಟದಲ್ಲಿ ನುಗ್ಗೆಗೆ ಗೌರವದ ಸ್ಥಾನವಿದೆ. ಆಗಲೇ ರಕ್ತ ಕಡಿಮೆಯಾದವರಿಗೆ ಮಾತ್ರೆಯ ಜೊತೆಗೆ ನುಗ್ಗೆ ಇರಲಿ. ಮಾತ್ರೆಯ ಬದಲಿಗೆ ಬೇಡ.

ಮಾತ್ರೆಯಿಂದ ಮಲ ಕಪ್ಪಾಗುವುದು ರೋಗವಲ್ಲ, ಹೀರಿಕೆಯಾಗದೆ ಉಳಿದ ಕಬ್ಬಿಣದ ಬಣ್ಣವದು. ವಾಕರಿಕೆಯಾಗುವವರು ರಾತ್ರಿ ಊಟದ ನಂತರ ಮಾತ್ರೆಯನ್ನು ತೆಗೆದುಕೊಂಡರೆ ಬಹುಮಟ್ಟಿಗೆ ಸರಿಹೋಗುತ್ತದೆ. ಚಹಾ, ಕಾಫಿ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಅದೇ ಹೊತ್ತಿಗೆ ಸೇವಿಸಬಾರದು. ಅವು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ತೊಂದರೆ ಮುಂದುವರಿದರೆ ಮಾತ್ರೆಯನ್ನು ತಾವಾಗಿಯೇ ಬಿಡದೆ, ಆಶಾ ಕಾರ್ಯಕರ್ತೆಯರಿಗೋ ವೈದ್ಯರಿಗೋ ತಿಳಿಸಬೇಕು.

ಅಡುಗೆಮನೆಯಲ್ಲಿ ನುಗ್ಗೆ

ಸತ್ತ್ವ ಎಲೆಯಲ್ಲಿದ್ದರೆ ಸಾಲದು, ಅದು ಮೈಗೂಡಬೇಕು. ಇದಕ್ಕೆ ಮೂರು ಸಣ್ಣ ನಿಯಮಗಳನ್ನು ನೆನಪಿಡಬೇಕು. ಮೊದಲನೆಯದು, ಸೊಪ್ಪನ್ನು ಕಡ್ಡಿಯಿಂದ ಬಿಡಿಸುವ ಮುನ್ನವೇ ತೊಳೆಯಬೇಕು ಮತ್ತು ಬೇಯಿಸಿದ ನೀರನ್ನು ಚೆಲ್ಲಬಾರದು. ‘ಸಿ’ ಜೀವಸತ್ವ ನೀರಿನಲ್ಲಿ ಕರಗುತ್ತದೆ, ಹೆಚ್ಚು ಹೊತ್ತು ಕುದಿಸಿದರೆ ನಾಶವಾಗುತ್ತದೆ. ಎರಡನೆಯದು, ಒಗ್ಗರಣೆಗೆ ಒಂದಿಷ್ಟು ಎಣ್ಣೆ ಇರಲಿ. ಕ್ಯಾರೋಟಿನ್ ಜಿಡ್ಡಿನೊಡನೆ ಮಾತ್ರ ಚೆನ್ನಾಗಿ ಹೀರಿಕೆಯಾಗುತ್ತದೆ. ಮೂರನೆಯದು, ಒಲೆಯಿಂದ ಇಳಿಸಿದ ಮೇಲೆ ನಿಂಬೆರಸವನ್ನು ಹಿಂಡಬೇಕು. ಸೊಪ್ಪಿನ ಕಬ್ಬಿಣವು ಹುಳಿಯ ನೆರವಿಲ್ಲದೆ ಸುಲಭವಾಗಿ ರಕ್ತಗತವಾಗುವುದಿಲ್ಲ. ಊಟವಾದ ಕೂಡಲೆ ಚಹಾ ಕುಡಿಯುವ ಅಭ್ಯಾಸವನ್ನು ಕನಿಷ್ಠ ಒಂದು ತಾಸು ಮುಂದೂಡಬೇಕು.

ಜೋಳದ ರೊಟ್ಟಿಯ ಜೊತೆಗೆ ನುಗ್ಗೆಸೊಪ್ಪಿನ ಪಲ್ಯದಷ್ಟು ಹೊಂದುವ ಪದಾರ್ಥ ಬೇರೊಂದಿಲ್ಲ. ಹೆಸರುಬೇಳೆಯನ್ನು ಅರೆಬೇಯಿಸಿಟ್ಟುಕೊಂಡು, ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ ಸಿಡಿಸಿ, ಸೊಪ್ಪನ್ನು ಹಾಕಿ ನೀರು ಚಿಮುಕಿಸಿ ಮುಚ್ಚಿಡಬೇಕು. ಐದಾರು ನಿಮಿಷದಲ್ಲಿ ಸೊಪ್ಪು ಬಾಡಿದಾಗ ಬೇಳೆ, ಉಪ್ಪು ಸೇರಿಸಿ, ಕೊನೆಗೆ ಶೇಂಗಾಪುಡಿಯನ್ನು ಉದುರಿಸಬೇಕು. ಬೇಳೆ, ಜೋಳ, ಸೊಪ್ಪು ಮೂರೂ ಸೇರಿದಾಗ ಸಸ್ಯಾಹಾರಿಗಳಿಗೆ ಬೇಕಾದ ಪ್ರೋಟೀನ್ ಸಮತೋಲನದಲ್ಲಿ ದೊರೆಯುತ್ತದೆ. ಹಳೇ ಮೈಸೂರಿನ ಕಡೆ ರಾಗಿಹಿಟ್ಟಿಗೆ ಸೊಪ್ಪನ್ನು ಕಲಸಿ ರೊಟ್ಟಿ ತಟ್ಟುತ್ತಾರೆ; ಬಸ್ಸಾರು ಮಾಡಿ ಮುದ್ದೆಯೊಡನೆ ಉಣ್ಣುತ್ತಾರೆ. ಹೂವಿನ ಪಲ್ಯ ಇನ್ನೂ ಕೋಮಲ. ಆದರೆ ಹೂವನ್ನೆಲ್ಲ ಕಿತ್ತರೆ ಕಾಯಿ ಇರುವುದಿಲ್ಲ. ಗಾಳಿಗೆ ಉದುರಿದ ಹೂವನ್ನು ಮುಂಜಾನೆ ಬಟ್ಟೆ ಹಾಸಿ ಆರಿಸಿಕೊಂಡರೆ ಎರಡೂ ಕೆಲಸವಾಗುತ್ತದೆ.

ಮಳೆಗಾಲದಲ್ಲಿ ಸೊಪ್ಪು ಮಿಕ್ಕಿದಾಗ ಮನೆಯಲ್ಲಿಯೇ ಪುಡಿ ಮಾಡಿಕೊಳ್ಳಬಹುದು. ತೊಳೆದು ನೀರು ಬಸಿದ ಸೊಪ್ಪನ್ನು ಗಾಳಿಯಾಡುವ ನೆರಳಿನಲ್ಲಿ ತೆಳ್ಳಗೆ ಹರವಬೇಕು, ಬಿಸಿಲಿಗೆ ಹಾಕಬಾರದು. ಬಿಸಿಲು ಕ್ಯಾರೋಟಿನ್‌ನ್ನು ಕೆಡಿಸುತ್ತದೆ. ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಕುಟ್ಟಿ, ಜರಡಿ ಹಿಡಿದು, ತೇವ ತಾಗದ ಡಬ್ಬಿಯಲ್ಲಿ ಬೆಳಕಿಗೆ ದೂರವಾಗಿ ಇಡಬೇಕು. ಚಟ್ನಿಪುಡಿಗೆ, ರೊಟ್ಟಿಯ ಹಿಟ್ಟಿಗೆ, ಮಕ್ಕಳ ಬೇಳೆಸಾರಿಗೆ ಚಮಚದಷ್ಟು ಬೆರೆಸಿದರೆ ಸಾಕು.

ಆಯುರ್ವೇದ ಹೇಳುವುದೇನು

ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿ ಶಿಗ್ರುವಿನ ಉಲ್ಲೇಖವಿದೆ. ಚರಕರು ಇದನ್ನು ಹೊಟ್ಟೆಯ ಹುಳುಗಳನ್ನು ಹೊರಹಾಕುವ ಮತ್ತು ಬೆವರಿಳಿಸಲು ನೆರವಾಗುವ ದ್ರವ್ಯಗಳ ಗುಂಪಿನಲ್ಲಿ ಸೇರಿಸಿದ್ದಾರೆ. ಸುಶ್ರುತರ ವರುಣಾದಿ ಗಣದಲ್ಲಿಯೂ ಇದಕ್ಕೆ ಸ್ಥಾನವಿದೆ. ಖಾರವಾದ ರಸ, ಉಷ್ಣವಾದ ವೀರ್ಯ, ಕಫ ಮತ್ತು ವಾತಗಳನ್ನು ಶಮನಗೊಳಿಸುವ ಗುಣ, ಆದರೆ ಪಿತ್ತವನ್ನು ಹೆಚ್ಚಿಸುವ ಸ್ವಭಾವ ಇದರದು ಎಂಬುದು ಆಯುರ್ವೇದದ ನಿರ್ಣಯ. ನುಗ್ಗೆಯನ್ನು ಅತಿಯಾಗಿ ತಿಂದರೆ ಉಷ್ಣವಾಗುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಮಾತಿಗೂ ಇದಕ್ಕೂ ಹೊಂದಿಕೆಯಿದೆ. ಎದೆಯುರಿ, ಹುಳಿತೇಗು ಇರುವವರು ಮಿತವಾಗಿ, ಮಜ್ಜಿಗೆಯ ಊಟದೊಡನೆ ಸೇವಿಸುವುದು ಲೇಸು.

ಎಚ್ಚರಿಕೆ ಬೇಕಾದೆಡೆ

ಬೇರು ಮತ್ತು ತೊಗಟೆಯ ವಿಷಯದಲ್ಲಿ ನಾವು ಖಚಿತವಾಗಿ ಹೇಳಬೇಕಾದ ಮಾತೊಂದಿದೆ. ಅವುಗಳಲ್ಲಿ ತೀಕ್ಷ್ಣವಾದ, ದೇಹಕ್ಕೆ ಹಾನಿ ಮಾಡಬಲ್ಲ ರಾಸಾಯನಿಕಗಳಿವೆ. ಬಲ್ಲ ವೈದ್ಯರ ಕೈಯಿಂದಲ್ಲದೆ ಮನೆಮದ್ದಾಗಿ ಅವನ್ನು ಯಾರೂ ಸೇವಿಸಬಾರದು. ಬಸುರಿಯರಂತೂ ಸುತರಾಂ ಕೂಡದು. ಗರ್ಭಕೋಶ ಸಂಕುಚಿತಗೊಂಡು ಗರ್ಭಕ್ಕೆ ಅಪಾಯವಾಗುವ ಸಂಭವವಿದೆ. ಎಲೆ ಮತ್ತು ಕಾಯಿಯನ್ನು ಊಟದ ಪ್ರಮಾಣದಲ್ಲಿ ಬೇಯಿಸಿ ಉಣ್ಣುವುದಕ್ಕೆ ಈ ಅಂಜಿಕೆ ಬೇಕಿಲ್ಲ.

ಮಧುಮೇಹ ಮತ್ತು ರಕ್ತದೊತ್ತಡಗಳ ಮೇಲೆ ನುಗ್ಗೆ ಎಲೆಯ ಪರಿಣಾಮವನ್ನು ಕುರಿತು ಸಣ್ಣ ಪ್ರಮಾಣದ ಅಧ್ಯಯನಗಳು ನಡೆದಿವೆ. ಕೆಲವು ಆಶಾದಾಯಕವಾಗಿವೆಯಾದರೂ, ವೈದ್ಯರು ಕೊಟ್ಟ ಔಷಧಿಗೆ ಅದು ಬದಲಿಯೆಂದು ಸ್ಥಾಪಿತವಾಗಿಲ್ಲ. ಈ ಕಾಯಿಲೆಗಳಿಗೆ ಮಾತ್ರೆ ಸೇವಿಸುವವರು ಪುಡಿಯನ್ನೋ ಎಲೆಯ ರಸವನ್ನೋ ದಿನವೂ ಹೆಚ್ಚಾಗಿ ಸೇವಿಸಿದರೆ ಸಕ್ಕರೆಯಾಗಲಿ ಒತ್ತಡವಾಗಲಿ ಬೇಕಾದುದಕ್ಕಿಂತ ಕೆಳಗಿಳಿಯಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂಥ ಮಾತ್ರೆ ಸೇವಿಸುವವರಿಗೆ, ಸೊಪ್ಪುಗಳಲ್ಲಿರುವ ‘ಕೆ’ ಜೀವಸತ್ವ ಆ ಮಾತ್ರೆಯ ಕೆಲಸವನ್ನು ಕುಂದಿಸಬಲ್ಲದು. ಮೂತ್ರಪಿಂಡದಲ್ಲಿ ಹರಳಿನ ತೊಂದರೆ ಇರುವವರೂ ವೈದ್ಯರೊಡನೆ ಸಮಾಲೋಚಿಸುವುದು ಒಳಿತು. ವಾರದಲ್ಲಿ ಎರಡು ಮೂರು ಸಲ ಪಲ್ಯವೋ ಸಾರೋ ಮಾಡಿ ಉಣ್ಣುವುದು ಬಹುತೇಕ ಎಲ್ಲರಿಗೂ ಹಿತಕರ.

ನೆಡುವ ಬಗೆ

ನುಗ್ಗೆಗೆ ಬೇಕಾದುದು ಬಿಸಿಲು ಮತ್ತು ನೀರು ನಿಲ್ಲದ ನೆಲ, ಇವೆರಡೇ. ಕೆಂಪು ಮಣ್ಣು, ಮರಳು ಮಿಶ್ರಿತ ಮಣ್ಣು ಶ್ರೇಷ್ಠ. ಕಪ್ಪು ಎರೆನೆಲದಲ್ಲಿಯೂ ಬರುತ್ತದೆ, ಆದರೆ ನೀರು ಬಸಿದು ಹೋಗುವಂತೆ ಏರು ಮಾಡಿ ನೆಡಬೇಕು. ಬರವನ್ನು ತಾಳುವ ಈ ಮರ, ಬುಡದಲ್ಲಿ ನಾಲ್ಕಾರು ದಿನ ನೀರು ನಿಂತರೆ ಬೇರು ಕೊಳೆತು ಸಾಯುತ್ತದೆ. ಬಚ್ಚಲು ನೀರು ಸದಾ ನಿಲ್ಲುವ ಜಾಗದಲ್ಲಿ ನೆಟ್ಟು, ಮರ ಒಣಗಿತೆಂದು ಹಲುಬುವವರು ಬಹಳ. ಹಾಗೆಯೇ ಗೋಡೆಗೂ ವಿದ್ಯುತ್ ತಂತಿಗೂ ಅಂಟಿಸಿ ನೆಡಬಾರದು. ಕೊಂಬೆ ಮುರಿದು ಬೀಳುವ ಸ್ವಭಾವದ್ದಾದ ಕಾರಣ ಹತ್ತು ಹನ್ನೆರಡು ಅಡಿ ಅಂತರವಿರಲಿ.

ನೆಡಲು ಎರಡು ದಾರಿಗಳಿವೆ. ಹಳೆಯ ಪದ್ಧತಿಯೆಂದರೆ ಕೊಂಬೆ ನೆಡುವುದು. ಒಳ್ಳೆಯ ಕಾಯಿ ಬಿಡುವ ಮರದಿಂದ ಮುಂಗೈ ದಪ್ಪದ, ಮೂರರಿಂದ ಐದು ಅಡಿ ಉದ್ದದ ಕೊಂಬೆಯನ್ನು ಕಡಿದು, ಎರಡು ದಿನ ನೆರಳಿನಲ್ಲಿಟ್ಟು ಗಾಯ ಆರಿದ ಮೇಲೆ, ಮೂರನೆಯ ಒಂದು ಭಾಗ ಮಣ್ಣಿನೊಳಗಿರುವಂತೆ ನೆಡಬೇಕು. ಮೇಲ್ತುದಿಗೆ ಸಗಣಿ ಮೆತ್ತಿದರೆ ತುದಿ ಒಣಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆ ಇದಕ್ಕೆ ಸಕಾಲ. ತಾಯಿಮರದ ಗುಣವೇ ಹೊಸ ಗಿಡಕ್ಕೂ ಬರುವುದು ಇದರ ಲಾಭ. ತಾಯಿಬೇರು ಇಳಿಯದ ಕಾರಣ ಬಿರುಗಾಳಿಗೆ ವಾಲುವ ಭಯವಿರುವುದು ಇದರ ಕೊರತೆ. ಆದುದರಿಂದ ಮೊದಲ ವರ್ಷ ಊರುಗೋಲು ಕಟ್ಟಬೇಕು.

ಎರಡನೆಯದು ಬೀಜದಿಂದ ಬೆಳೆಸುವುದು. ತಮಿಳುನಾಡಿನ ಪೆರಿಯಕುಲಂನ ತೋಟಗಾರಿಕಾ ಕಾಲೇಜು ಹೊರತಂದ ಪಿಕೆಎಂ–1 ತಳಿಯು ಬೀಜದಿಂದ ಬೆಳೆಯುವ, ಬೇಗ ಫಲ ಕೊಡುವ ತಳಿ. ಬಿತ್ತಿದ ಸುಮಾರು ಮೂರು ತಿಂಗಳಿಗೆ ಹೂ ಬಿಟ್ಟು, ಆರು ತಿಂಗಳ ಹೊತ್ತಿಗೆ ಕಾಯಿ ಕೊಡುತ್ತದೆ. ನಮ್ಮ ರಾಜ್ಯದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿಯೂ ರೈತರಲ್ಲಿ ಹೆಸರು ಮಾಡಿದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಒಂದು ರಾತ್ರಿ ನೆನೆಸಿದ ಎರಡು ಬೀಜಗಳನ್ನು ಒಂದು ಅಂಗುಲ ಆಳಕ್ಕೆ ಊರಬೇಕು. ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ಬಲವಾದ ಒಂದು ಸಸಿಯನ್ನು ಉಳಿಸಿಕೊಳ್ಳಬೇಕು. ಹಳೆಯ ಬೀಜ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಆ ವರ್ಷದ ಬೀಜವನ್ನೇ ಬಳಸಬೇಕು.

ಸವರುವ ಕೆಲಸ

ನುಗ್ಗೆ ಬೆಳೆಸುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಮರವನ್ನು ಅದರ ಪಾಡಿಗೆ ಬಿಡುವುದು. ಬಿಟ್ಟರೆ ಅದು ನೆಟ್ಟಗೆ ಮುಗಿಲಿಗೆ ಏರುತ್ತದೆ. ಸೊಪ್ಪು, ಕಾಯಿ ಎರಡೂ ಕೈಗೆ ನಿಲುಕುವುದಿಲ್ಲ. ಸಸಿ ಎರಡೂವರೆ ಅಡಿಯಾದಾಗ ನೆತ್ತಿಯ ಕುಡಿಯನ್ನು ಚಿವುಟಬೇಕು. ಆಗ ಪಕ್ಕದ ಕೊಂಬೆಗಳು ಒಡೆದು ಗಿಡ ಪೊದೆಯಂತಾಗುತ್ತದೆ. ಕಾಯಿಯ ಹಂಗಾಮು ಮುಗಿದ ಮೇಲೆ ನೆಲದಿಂದ ಮೂರಡಿ ಎತ್ತರಕ್ಕೆ ಮರವನ್ನು ಸವರಿ, ಬುಡಕ್ಕೆ ಗೊಬ್ಬರ ಕೊಟ್ಟು ನೀರುಣಿಸಬೇಕು. ನೋಡುವವರಿಗೆ ನಿರ್ದಯವೆನಿಸಬಹುದು, ಆದರೆ ಕೆಲವೇ ವಾರಗಳಲ್ಲಿ ಮೋಟಿನ ಸುತ್ತ ಚಿಗುರು ತುಂಬಿ, ನಾಲ್ಕೈದು ತಿಂಗಳಿಗೆ ಮತ್ತೆ ಕಾಯಿ ಬರುತ್ತದೆ. ಸೊಪ್ಪಿಗಾಗಿಯೇ ಬೆಳೆಸುವವರು ಐದಾರು ವಾರಗಳಿಗೊಮ್ಮೆ ಟೊಂಗೆಗಳನ್ನು ಕೊಯ್ಯುತ್ತಿರಬಹುದು. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಬೇಕು. ಬೇರೂರಿದ ಮೇಲೆ ಅದು ನಮ್ಮನ್ನು ಹೆಚ್ಚು ಕೇಳುವುದಿಲ್ಲ.

ಕಂಬಳಿಹುಳುವಿನ ಭಯ

ನಮ್ಮ ಊರುಗಳಲ್ಲಿ ಎಷ್ಟೋ ನುಗ್ಗೆಮರಗಳ ಆಯುಷ್ಯವನ್ನು ಮುಗಿಸುವುದು ಕಂಬಳಿಹುಳುವಿನ ಮೇಲಿನ ಭಯ. ಮನೆಯ ಮುಂದೆ ನುಗ್ಗೆ ಇರಬಾರದೆಂಬ ನಂಬಿಕೆಯ ಹಿಂದೆ ಈ ಹುಳುವಿನ ಕಾಟ ಮತ್ತು ಮೆದುಕೊಂಬೆಯ ಅಪಾಯ ಇವೆರಡೇ ಇದ್ದಿರಬೇಕೆಂದು ನಮಗೆ ತೋರುತ್ತದೆ. ಹುಳುವಿನ ಕೂದಲು ತಾಗಿದರೆ ತುರಿಕೆ, ದದ್ದು ಏಳುವುದು ನಿಜ. ಮಕ್ಕಳಿರುವ ಮನೆಯವರು ಅಂಜುವುದು ಸಹಜ. ಆದರೆ ಹುಳುವಿನ ದಿನಚರಿಯನ್ನು ಅರಿತರೆ ಮರವನ್ನು ಕಡಿಯುವ ಪ್ರಮೇಯ ಬಾರದು.

ಮಳೆ ಬಿದ್ದ ಮೇಲೆ ಮಣ್ಣಿನೊಳಗಿನ ಕೋಶಗಳಿಂದ ಪತಂಗಗಳು ಹೊರಬಂದು ಎಲೆ, ಎಳೆಟೊಂಗೆಗಳ ಮೇಲೆ ಗುಂಪುಗುಂಪಾಗಿ ಮೊಟ್ಟೆ ಇಡುತ್ತವೆ. ಮರಿಹುಳುಗಳು ಹಗಲಿನಲ್ಲಿ ಕಾಂಡದ ಮೇಲೆ ಒತ್ತೊತ್ತಾಗಿ ಗುಂಪುಗೂಡಿರುತ್ತವೆ. ಎಲೆ ತಿನ್ನಲು ಹರಡುವ ಮುನ್ನ ಅವು ಒಂದೇ ಕಡೆ ಸಿಗುವ ಹೊತ್ತು ಅದು. ಮೈಕೈ ಮುಚ್ಚಿಕೊಂಡು, ಉದ್ದ ಕೋಲಿನ ತುದಿಗೆ ಕಟ್ಟಿದ ಪಂಜಿನಿಂದ ಆ ಗುಂಪನ್ನು ನಿವಾರಿಸುವುದು ತೋಟಗಾರರು ಅನುಸರಿಸುವ ಕ್ರಮ. ಮೊಟ್ಟೆಯಿರುವ ಎಲೆಗಳನ್ನು ಮೊದಲೇ ಕಿತ್ತು ತೆಗೆದರೆ ಅಷ್ಟರಮಟ್ಟಿಗೂ ಹೋಗಬೇಕಿಲ್ಲ. ಬೇಸಿಗೆಯಲ್ಲಿ ಬುಡದ ಸುತ್ತಲಿನ ಮಣ್ಣನ್ನು ಅಗೆದು ಮಗುಚಿದರೆ ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ಈಡಾಗುತ್ತವೆ. ಮೂರಡಿಗೆ ಸವರಿದ ಗಿಡದಲ್ಲಿ ಹುಳು ಕಣ್ಣಿಗೆ ಬೇಗ ಬೀಳುತ್ತದೆ. ಬೇವಿನ ಕಷಾಯವನ್ನು ಸಿಂಪಡಿಸಬಹುದು. ಊಟಕ್ಕೆ ಸೊಪ್ಪು ಕೀಳುವ ಮರಕ್ಕೆ ಕೀಟನಾಶಕದ ವಿಷವನ್ನು ಹೊಡೆಯುವುದಂತೂ ಬೇಡ.

ಬೀಜದ ಉಪಕಾರ

ಬಲಿತ ಬೀಜದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎಣ್ಣೆಯಿದೆ. ಬೇಗ ಕಮಟು ಹಿಡಿಯದ ಆ ಎಣ್ಣೆಯನ್ನು ಹಿಂದೆ ಗಡಿಯಾರದ ಯಂತ್ರಗಳಿಗೂ ಸುಗಂಧದ್ರವ್ಯಗಳಿಗೂ ಬಳಸುತ್ತಿದ್ದರು. ಇನ್ನೊಂದು ಉಪಕಾರ ಅದಕ್ಕಿಂತ ದೊಡ್ಡದು. ಸುಡಾನ್ ದೇಶದ ಹಳ್ಳಿಗಳಲ್ಲಿ ತಾಯಂದಿರು ನೈಲ್ ನದಿಯ ಕೆಸರುನೀರನ್ನು ನುಗ್ಗೆಬೀಜದ ಪುಡಿಯಿಂದ ತಿಳಿಗೊಳಿಸುತ್ತಿದ್ದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಬೀಜದಲ್ಲಿರುವ ಪ್ರೋಟೀನು ನೀರಿನಲ್ಲಿ ತೇಲುವ ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ತಳಕ್ಕೆ ಇಳಿಸುತ್ತದೆ. ಕಣಗಳೊಡನೆ ರೋಗಾಣುಗಳ ಬಹುಪಾಲೂ ಇಳಿಯುತ್ತದೆ. ನಮ್ಮ ಹಿರಿಯರು ಚಿಲ್ಲದ ಬೀಜವನ್ನು ಗಡಿಗೆಯ ಒಳಮೈಗೆ ತೇಯುತ್ತಿದ್ದುದೂ ಇದೇ ಉದ್ದೇಶಕ್ಕೆ. ಆದರೆ ತಿಳಿಯಾದ ನೀರೆಲ್ಲ ಶುದ್ಧ ನೀರಲ್ಲ. ಸೋಸಿ ಕುದಿಸಿದ ಮೇಲೆಯೇ ಅದು ಕುಡಿಯಲು ಯೋಗ್ಯ.

ಕೊನೆಯ ಮಾತು

ಆ ತಾಯಿಗೆ ನಾವು ಅಂದು ಹೇಳಿದ್ದು ಇಷ್ಟೇ. ಡಬ್ಬಿಯಲ್ಲಿ ಉಳಿದ ಪುಡಿಯನ್ನು ಚಟ್ನಿಗೆ ಬೆರೆಸಿ ಮನೆಯವರೆಲ್ಲ ಉಣ್ಣಿರಿ, ಮಗಳಿಗೆ ರಾತ್ರಿ ಊಟದ ನಂತರ ಮಾತ್ರೆ ತಪ್ಪಿಸಬೇಡಿರಿ, ನಾಳೆಯೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಹೊರಡುವಾಗ ಮಠದ ತೋಟದ ನುಗ್ಗೆಯಿಂದ ಕಡಿದಿಟ್ಟಿದ್ದ ಒಂದು ಕೊಂಬೆಯನ್ನೂ ಅವರ ಕೈಗಿತ್ತೆವು. ಅಲ್ಲಿನ ವೈದ್ಯರು ಮಾತ್ರೆಯ ಪ್ರಮಾಣವನ್ನು ಸರಿಪಡಿಸಿದರು. ಎರಡು ತಿಂಗಳ ಬಳಿಕದ ಅಮಾವಾಸ್ಯೆಗೆ ಮಗಳ ಹಿಮೋಗ್ಲೋಬಿನ್ ಹತ್ತನ್ನು ದಾಟಿತ್ತು. ಕಾರ್ತಿಕದಲ್ಲಿ ಹೆಣ್ಣುಮಗು ಹುಟ್ಟಿತೆಂದೂ, ತಾಯಿ ಮಗು ಕ್ಷೇಮವೆಂದೂ, ನೆಟ್ಟ ಕೊಂಬೆ ಆಳೆತ್ತರ ಚಿಗುರಿದೆಯೆಂದೂ ಅವರೇ ಬಂದು ಹೇಳಿದರು. ಮಗುವಿನ ತಾಯಿಗೆ ಈಗ ಆ ಚಿಗುರಿನ ಪಲ್ಯ ವಾರಕ್ಕೆರಡು ಸಲ.

ಈ ಮುಂಗಾರಿನಲ್ಲಿ ಪ್ರತಿ ಮನೆಯ ಹಿತ್ತಲಿನಲ್ಲಿ, ಶಾಲೆ ಅಂಗನವಾಡಿಗಳ ಅಂಗಳದಲ್ಲಿ ಒಂದೊಂದು ನುಗ್ಗೆ ನೆಡೋಣ. ಒಂದು ಮನೆ ಉಣ್ಣಬಲ್ಲುದಕ್ಕಿಂತ ಹೆಚ್ಚು ಸೊಪ್ಪನ್ನು ಒಂದು ಮರ ಕೊಡುತ್ತದೆ. ಮಿಕ್ಕಿದ್ದು ನೆರೆಮನೆಗೆ ಹೋಗಲಿ, ಅದೂ ದಾಸೋಹವೇ. ಮರವಿದ್ದವರು ಕಡಿಯುವ ಮುನ್ನ ಒಮ್ಮೆ ಸವರಿ ನೋಡಿರಿ. ಮಾತ್ರೆ ನುಂಗುವವರು ಬಿಡುವ ಮುನ್ನ ಒಮ್ಮೆ ವೈದ್ಯರನ್ನು ಕೇಳಿರಿ. ಶರಣು ಶರಣಾರ್ಥಿ.